ಊರಿನ ಟಿಸಿಯಿಂದ 220 ಕೆವಿ ಟವರ್‌ವರೆಗೆ: ಲೈನ್ ಡಿಸೈನ್ ಕಲಿಯುವ ಕ್ರಮ

ಡಿಪ್ಲೊಮಾ ಅಥವಾ ಬಿಇ ಮುಗಿಸಿ ಲೈನ್ ಡಿಸೈನ್ ಕಲಿಯಲು ಹೊರಡುವ ಬಹಳ ಮಂದಿ 400 ಕೆವಿ ಟವರ್‌ನಿಂದಲೇ ಶುರು ಮಾಡುತ್ತಾರೆ. ಕೊರೋನಾ, ಬಂಡಲ್ ಕಂಡಕ್ಟರ್, ರಿಯಾಕ್ಟರ್ ಎಲ್ಲವೂ ಬಾಯಲ್ಲಿರುತ್ತವೆ. ತಮ್ಮೂರಿನ ಟಿಸಿ (11 ಕೆವಿಯನ್ನು ಮನೆ, ಪಂಪಿನ ವೋಲ್ಟೇಜಿಗೆ ಇಳಿಸುವ ಟ್ರಾನ್ಸ್‌ಫಾರ್ಮರ್) ಬೇಸಿಗೆಯಲ್ಲಿ ಯಾಕೆ ಸುಡುತ್ತದೆ ಎಂದು ಕೇಳಿದರೆ ಮಾತ್ರ ಉತ್ತರವಿರುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಈ ಕ್ರಮವನ್ನು ತಿರುಗಿಸಿಕೊಳ್ಳಿ. ಒಂದು 11 ಕೆವಿ ಫೀಡರನ್ನು, ಅಂದರೆ ಸ್ಟೇಷನ್‌ನಿಂದ ಟಿಸಿಗಳಿಗೆ ಕರೆಂಟ್ ಒಯ್ಯುವ ಲೈನನ್ನು, ಪೂರ್ತಿ ಕೈಲೆಕ್ಕದಲ್ಲಿ ಮುಗಿಸಿ, ಆಮೇಲೆ 66 ಕೆವಿಗೆ, ಆಮೇಲೆ 220ಕ್ಕೆ ಹತ್ತಿ. ಮೇಲಿನ ಹಂತಗಳಲ್ಲಿ ಬರುವ ಲೆಕ್ಕಗಳಲ್ಲಿ ಬಹುಪಾಲು ಕೆಳಗಿನ ಲೆಕ್ಕಗಳೇ, ಅಂಕಿ ದೊಡ್ಡವು ಅಷ್ಟೆ.

ಒಂದು ಫೀಡರ್ ಹಿಡಿಯಿರಿ

ಮದ್ದೂರು, ನಾಗಮಂಗಲ, ತಿ. ನರಸೀಪುರ, ನಂಜನಗೂಡು, ನೀವು ಎಲ್ಲೇ ಇದ್ದರೂ ಹತ್ತಿರದ 66/11 ಕೆವಿ ಸ್ಟೇಷನ್‌ನಿಂದ ಹೊರಡುವ ಒಂದು ಫೀಡರ್ ಆರಿಸಿ. ರಸ್ತೆಯಲ್ಲಿ ನಿಂತು ಕಣ್ಣಿಗೆ ಕಾಣುವಷ್ಟನ್ನು ಬರೆದುಕೊಳ್ಳಿ: ಕಂಬದಿಂದ ಕಂಬಕ್ಕೆ ದೂರ, ಕವಲೊಡೆಯುವ ಜಾಗ, ಜಿಓಎಸ್ (ಮೂರೂ ಫೇಸನ್ನು ಒಟ್ಟಿಗೆ ಕಡಿಯುವ ಸ್ವಿಚ್) ಎಲ್ಲಿದೆ, ಡಿಪಿ ಸ್ಟ್ರಕ್ಚರ್ (ಜೋಡಿ ಕಂಬ) ಎಲ್ಲಿದೆ, ಪ್ರತಿ ಟಿಸಿಯ ಕೆವಿಎ ಎಷ್ಟು. ಫೋನಿನ ಜಿಪಿಎಸ್ ಸಾಕು. ಕಂಬ ಮುಟ್ಟಬೇಡಿ, ಸ್ಟೇ ವೈರ್ ಹಿಡಿಯಬೇಡಿ, ಎಚ್‌ಟಿ (11 ಕೆವಿ) ಕಡೆಗೆ ಯಾವ ಮೀಟರನ್ನೂ ಒಯ್ಯಬೇಡಿ. ಸ್ಟೇಷನ್ ಒಳಗೆ ಅನುಮತಿಯಿಲ್ಲದೆ ಕಾಲಿಡಬೇಡಿ.

ಕಂಡಕ್ಟರ್, ಅಂದರೆ ತಂತಿ, ಯಾವುದೆಂದು ಕೆಳಗೆ ನಿಂತು ಊಹಿಸುವುದು ಬೇಡ. ತಂತಿಯ ಗಾತ್ರಗಳಿಗೆ ಪ್ರಾಣಿಗಳ ಹೆಸರು. ವೀಸಲ್ 7.77 ಮಿ.ಮೀ. ದಪ್ಪ, ರ‍್ಯಾಬಿಟ್ 10.05 ಮಿ.ಮೀ.; ಏಳು ಮೀಟರ್ ಕೆಳಗಿನಿಂದ ಎರಡೂ ಒಂದೇ. ಆದರೆ ವೀಸಲ್‌ನ ರೆಸಿಸ್ಟೆನ್ಸ್ ಕಿ.ಮೀ.ಗೆ 0.93 ಓಮ್, ರ‍್ಯಾಬಿಟ್‌ನದು 0.55. ಇಲ್ಲಿ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪು. ಸೆಕ್ಷನ್ ಆಫೀಸಿನಲ್ಲಿ ವಿನಯದಿಂದ ಕೇಳಿದರೆ ಸಿಂಗಲ್ ಲೈನ್ ಡಯಾಗ್ರಾಂ (ಮೂರು ಫೇಸನ್ನು ಒಂದೇ ಗೀಟಿನಲ್ಲಿ ತೋರಿಸುವ ನಕ್ಷೆ) ನೋಡಲು ಕೊಡಬಹುದು. ಒಂದೇ ಫೀಡರಿನಲ್ಲಿ ಮೊದಲ ನಾಲ್ಕು ಕಿ.ಮೀ. ರ‍್ಯಾಬಿಟ್, ಆಮೇಲೆ ವೀಸಲ್, ಕವಲುಗಳಲ್ಲಿ ಸ್ಕ್ವಿರಲ್ ಹೀಗೆ ಬೆರೆತಿರುವುದು ಸಾಮಾನ್ಯ. ಲೈನ್‌ಮ್ಯಾನ್‌ಗೆ ಅದು ಬಾಯಿಪಾಠವಾಗಿರುತ್ತದೆ, ಡಯಾಗ್ರಾಂಗಿಂತ ಅವರ ಮಾತನ್ನು ನಂಬಿ.

ಲೋಡ್: ಪಠ್ಯದ ಲೆಕ್ಕ ಇಲ್ಲಿ ನಡೆಯದು

ಮೈಸೂರಿನ ಸರಸ್ವತಿಪುರಂ ಅಥವಾ ಕುವೆಂಪುನಗರದ ಫೀಡರ್ ಆದರೆ ಪಠ್ಯದ ಡೈವರ್ಸಿಟಿ ಫ್ಯಾಕ್ಟರ್ ಸರಿಯಾಗಿಯೇ ಕೆಲಸ ಮಾಡುತ್ತದೆ. ಎಲ್ಲ ಮನೆಯವರೂ ಒಂದೇ ನಿಮಿಷಕ್ಕೆ ಗೀಸರ್ ಹಾಕುವುದಿಲ್ಲ. ಪಂಪ್‌ಸೆಟ್ ಫೀಡರಿನ ಗುಣವೇ ಬೇರೆ. ಮೂರು ಫೇಸ್ ದಿನಕ್ಕೆ ಏಳು ಗಂಟೆಯ ಲೆಕ್ಕದಲ್ಲಿ ಪಾಳಿಯಂತೆ ಬರುತ್ತದೆ. ರೈತ ರಾತ್ರಿ ಎದ್ದು ಹೋಗಲಾರದೆ ಆಟೋ ಸ್ಟಾರ್ಟರ್ ಹಾಕಿಸಿರುತ್ತಾನೆ. ಕರೆಂಟ್ ಬಂದ ಕೂಡಲೇ ಎಲ್ಲ ಮೋಟಾರೂ ಒಟ್ಟಿಗೆ ಎದ್ದು, ಪಾಳಿ ಮುಗಿಯುವವರೆಗೂ ಒಟ್ಟಿಗೆ ಓಡುತ್ತವೆ. ಹಾಗಾಗಿ ಐಪಿ (ನೀರಾವರಿ ಪಂಪ್‌ಸೆಟ್) ಫೀಡರಿಗೆ ಡೈವರ್ಸಿಟಿಯನ್ನು ಒಂದು ಎಂದೇ ಹಿಡಿಯಿರಿ.

ಒಂದು 7.5 ಎಚ್‌ಪಿ ಮೋಟಾರಿನ ಶಾಫ್ಟ್‌ನಲ್ಲಿ 5.6 ಕಿಲೋವ್ಯಾಟ್. ದಕ್ಷತೆ ಶೇಕಡಾ 80 ಎಂದರೆ ಲೈನಿನಿಂದ ಎಳೆಯುವುದು 7 ಕಿಲೋವ್ಯಾಟ್. ಪವರ್ ಫ್ಯಾಕ್ಟರ್ 0.8 ಆದರೆ 8.7 ಕೆವಿಎ. 63 ಕೆವಿಎ ಟಿಸಿಗೆ ಇಂಥ ಏಳು ಮೋಟಾರ್ ಕಟ್ಟಿದರೆ ಅಲ್ಲಿಗೆ ಮುಗಿಯಿತು. ಹತ್ತು ಹನ್ನೆರಡು ಕಟ್ಟಿರುವ ಟಿಸಿ ಸುಡುವುದರಲ್ಲಿ ಗುಟ್ಟೇನಿಲ್ಲ. ಇನ್ನೂ ಒಂದು ಮಾತು: ಬೋರ್‌ವೆಲ್ ಆಳ ಹೋದಂತೆ ಮೋಟಾರ್ ದೊಡ್ಡದಾಗುತ್ತದೆ, ದಾಖಲೆಯಲ್ಲಿ ಮಾತ್ರ ಹಳೆಯ ಎಚ್‌ಪಿಯೇ ಉಳಿದಿರುತ್ತದೆ. ನಾಗಮಂಗಲದಂಥ ಬೋರ್‌ವೆಲ್ ನೆಚ್ಚಿದ ತಾಲ್ಲೂಕಿನಲ್ಲಿ ದಾಖಲೆಯ ಎಚ್‌ಪಿಗಿಂತ ಸ್ಟೇಷನ್‌ನ ಫೀಡರ್ ಮೀಟರ್ ತೋರಿಸಿದ ಆಂಪಿಯರೇ ನಂಬಿಕೆಗೆ ಯೋಗ್ಯ.

ವೋಲ್ಟೇಜ್ ಇಳಿಕೆ

ಇಡೀ ಡಿಸೈನಿನ ಬೆನ್ನೆಲುಬು ಇದು. ಸೂತ್ರ ಒಂದೇ ಸಾಲು: ಇಳಿಕೆ ಕಿಲೋವೋಲ್ಟ್‌ಗಳಲ್ಲಿ = (ರೆಸಿಸ್ಟೆನ್ಸ್ × ಮೆಗಾವ್ಯಾಟ್ + ರಿಯಾಕ್ಟೆನ್ಸ್ × ಮೆಗಾವಾರ್) ÷ ಲೈನ್ ಕೆವಿ. ಮೆಗಾವಾರ್ ಎಂದರೆ ಕೆಲಸ ಮಾಡದೆ ಲೈನಿನಲ್ಲಿ ಹೋಗಿಬರುವ ರಿಯಾಕ್ಟಿವ್ ಪವರ್.

ಅಭ್ಯಾಸಕ್ಕೆ ಒಂದು ಕಲ್ಪಿತ ಫೀಡರ್ ತೆಗೆದುಕೊಳ್ಳೋಣ. 12 ಕಿ.ಮೀ. ರ‍್ಯಾಬಿಟ್; 63 ಕೆವಿಎಯ 40 ಟಿಸಿ, ಒಟ್ಟು 2520 ಕೆವಿಎ; ಶೇಕಡಾ 80ರಷ್ಟು ಲೋಡ್ ಎಂದರೆ ಸುಮಾರು 2 ಎಂವಿಎ. ಪವರ್ ಫ್ಯಾಕ್ಟರ್ 0.8 ಆದ್ದರಿಂದ 1.6 ಮೆಗಾವ್ಯಾಟ್, 1.2 ಮೆಗಾವಾರ್.

ಐಎಸ್ 398ರ ಪಟ್ಟಿಯಲ್ಲಿರುವ 0.5524 ಓಮ್ 20 ಡಿಗ್ರಿಯದು. ತಂತಿ ಬಿಸಿಲಲ್ಲಿ ಲೋಡ್ ಹೊತ್ತು 65 ಡಿಗ್ರಿಗೆ ಏರಿದರೆ ಅದು 0.65 ಆಗುತ್ತದೆ. ಹೊಸಬರು ಪಟ್ಟಿಯ ಅಂಕಿಯನ್ನೇ ಹಾಕಿ ಶೇಕಡಾ 15ರಷ್ಟು ಕಡಿಮೆ ತೋರಿಸಿಕೊಳ್ಳುತ್ತಾರೆ. ರಿಯಾಕ್ಟೆನ್ಸ್ ಕಿ.ಮೀ.ಗೆ 0.37 ಇರಲಿ.

ಲೋಡೆಲ್ಲ ತುದಿಯಲ್ಲೇ ಕೂತಿದ್ದರೆ: 0.65 × 12 × 1.6 = 12.48, 0.37 × 12 × 1.2 = 5.33. ಕೂಡಿಸಿ 11ರಿಂದ ಭಾಗಿಸಿದರೆ 1.62 ಕೆವಿ, ಅಂದರೆ ಶೇಕಡಾ 14.7. ಲೋಡ್ ಉದ್ದಕ್ಕೂ ಸಮನಾಗಿ ಹಂಚಿದ್ದರೆ ಇದರ ಅರ್ಧ, ಶೇಕಡಾ 7.4. ನಿಜವಾದ ಫೀಡರ್ ಈ ಎರಡರ ನಡುವೆ ಇರುತ್ತದೆ. ಹಾಗಾಗಿ ಮುಂದೆ ಟಿಸಿಯಿಂದ ಟಿಸಿಗೆ ಭಾಗ ಭಾಗವಾಗಿ ಲೆಕ್ಕ ಹಾಕಿ. ಎಕ್ಸೆಲ್‌ನಲ್ಲಿ 40 ಸಾಲು, ಒಂದು ಸಂಜೆಯ ಕೆಲಸ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ ಹೈ ವೋಲ್ಟೇಜ್‌ಗೆ ಕೊಟ್ಟಿದ್ದ ಮಿತಿ ಮೇಲಕ್ಕೆ ಶೇಕಡಾ 6, ಕೆಳಕ್ಕೆ 9. ಎಲ್‌ಟಿಗೆ (ಟಿಸಿಯಿಂದ ಮನೆ, ಮೋಟಾರಿಗೆ ಹೋಗುವ 415 ವೋಲ್ಟ್ ಲೈನ್) ಎರಡೂ ಕಡೆ 6. ಹೀಗಿರುವಾಗ 11 ಕೆವಿಯಲ್ಲೇ 9 ತಿಂದು ಕೂತರೆ ಎಲ್‌ಟಿಗೆ ಏನೂ ಉಳಿಯುವುದಿಲ್ಲ.

ಮುಂದಿನ ಪ್ರಶ್ನೆ ಪರಿಹಾರದ್ದು. ಎಲ್ಲರ ಬಾಯಿಗೂ ಮೊದಲು ಬರುವುದು ಕೆಪಾಸಿಟರ್. ಹಾಕಿ ನೋಡೋಣ: ಪವರ್ ಫ್ಯಾಕ್ಟರ್ 0.95ಕ್ಕೆ ಏರಿದರೆ ಮೆಗಾವಾರ್ 1.2ರಿಂದ 0.53ಕ್ಕೆ ಇಳಿಯುತ್ತದೆ, ತುದಿಯ ಇಳಿಕೆ 14.7ರಿಂದ 12.2ಕ್ಕೆ ಮಾತ್ರ ಬರುತ್ತದೆ. ರ‍್ಯಾಬಿಟ್‌ನಲ್ಲಿ ರೆಸಿಸ್ಟೆನ್ಸ್‌ನದೇ ದರ್ಬಾರು. ಕೆಪಾಸಿಟರ್ ಮುಟ್ಟುವುದು ರಿಯಾಕ್ಟೆನ್ಸ್‌ನ ಭಾಗವನ್ನಷ್ಟೆ. ಅದೇ ಲೈನಿಗೆ ಡಾಗ್ ಕಂಡಕ್ಟರ್ ಎಳೆದರೆ (ಬಿಸಿಯಲ್ಲಿ 0.33 ಓಮ್, ರಿಯಾಕ್ಟೆನ್ಸ್ 0.35) ಕೆಪಾಸಿಟರ್ ಇಲ್ಲದೆಯೇ 9.4, ಕೆಪಾಸಿಟರ್ ಸೇರಿಸಿದರೆ 7.1. ತಂತಿ ದಪ್ಪವಾದ ಮೇಲೆಯೇ ಕೆಪಾಸಿಟರಿಗೆ ಬೆಲೆ. ಆದರೆ ಡಾಗ್‌ನ ತೂಕ ಕಿ.ಮೀ.ಗೆ 394 ಕಿಲೋ, ರ‍್ಯಾಬಿಟ್‌ನದು 214. ಹಳೆಯ ಕಂಬ, ಕ್ರಾಸ್ ಆರ್ಮ್, ಸ್ಟೇ ಎಲ್ಲವನ್ನೂ ಮತ್ತೆ ಲೆಕ್ಕ ಹಾಕದೆ ತಂತಿ ಮಾತ್ರ ಬದಲಿಸಿದರೆ ಮೊದಲ ಮುಂಗಾರು ಗಾಳಿಗೇ ಕೋನದ ಕಂಬಗಳು ವಾಲುತ್ತವೆ.

ಲಾಸ್ ಕೂಡ ನೋಡಿ. 2 ಎಂವಿಎಗೆ 105 ಆಂಪಿಯರ್. ಲೋಡ್ ತುದಿಯಲ್ಲಿದ್ದರೆ ಮೂರು ಫೇಸಿನಲ್ಲಿ 258 ಕಿಲೋವ್ಯಾಟ್ ತಂತಿ ಬಿಸಿ ಮಾಡಲಿಕ್ಕೇ ಹೋಯಿತು. ಸಮನಾಗಿ ಹಂಚಿದ್ದರೆ ಮೂರನೇ ಒಂದು ಭಾಗ, 86 ಕಿಲೋವ್ಯಾಟ್. ವೋಲ್ಟೇಜ್‌ಗೆ ಅರ್ಧ, ಲಾಸ್‌ಗೆ ಮೂರನೇ ಒಂದು: ಈ ಎರಡು ನೆನಪಿದ್ದರೆ ಯಾವ ಫೀಡರನ್ನಾದರೂ ನಿಂತಲ್ಲೇ ಅಂದಾಜು ಮಾಡಬಹುದು. ಗಮನಿಸಿ, 105 ಆಂಪಿಯರ್ ರ‍್ಯಾಬಿಟ್ ತಡೆಯಬಲ್ಲ ಬಿಸಿಯ ಮಿತಿಯೊಳಗೇ ಇದೆ. ಹಳ್ಳಿ ಫೀಡರಿನಲ್ಲಿ ತಂತಿ ಸೋಲುವ ಮೊದಲು ವೋಲ್ಟೇಜ್ ಸೋಲುತ್ತದೆ.

ಟಿಸಿ ಮತ್ತು ಎಲ್‌ಟಿ

ಟಿಸಿಯ ಪ್ಲೇಟ್ ಮೇಲೆ 415 ಅಲ್ಲ, 433 ವೋಲ್ಟ್ ಎಂದಿರುತ್ತದೆ. ಪೂರ್ಣ ಲೋಡಿನಲ್ಲಿ ಟಿಸಿಯೊಳಗೇ ಆಗುವ ಇಳಿಕೆಗೆ ಮುಂಚಿತವಾಗಿ ಕೊಟ್ಟ ಶೇಕಡಾ ನಾಲ್ಕರ ಮುಂಗಡ ಅದು. ಅದನ್ನು ಎಲ್‌ಟಿ ಲೈನಿಗೆ ಸಿಕ್ಕ ಉಳಿಕೆ ಎಂದು ಲೆಕ್ಕ ಹಿಡಿಯಬೇಡಿ.

30 ಕೆವಿಎಯನ್ನು 500 ಮೀಟರ್ ಎಲ್‌ಟಿ ರ‍್ಯಾಬಿಟ್‌ನಲ್ಲಿ ಕಳಿಸಿದರೆ 25 ವೋಲ್ಟ್ ಹೋಗುತ್ತದೆ, ಶೇಕಡಾ 6. ಅದೇ 30 ಕೆವಿಎ, ಅದೇ 500 ಮೀಟರ್, 11 ಕೆವಿಯಲ್ಲಿ ಹೋದರೆ 11,000ದಲ್ಲಿ ಒಂದು ವೋಲ್ಟ್. 11 ಕೆವಿಯನ್ನು ಗದ್ದೆಯ ಬದುವಿನವರೆಗೆ ಒಯ್ದು 25 ಕೆವಿಎ ಟಿಸಿ ನೆಡುವುದು ದೊಡ್ಡ ಟಿಸಿಯೊಂದರಿಂದ ಉದ್ದುದ್ದ ಎಲ್‌ಟಿ ಎಳೆಯುವುದಕ್ಕಿಂತ ಮೇಲು ಎನ್ನುವ ವಾದದ ಬುಡ ಇಷ್ಟೇ.

ವೋಲ್ಟೇಜ್ ಕಡಿಮೆಯಾದರೆ ಮೋಟಾರ್ ಸುಮ್ಮನೆ ನಿಧಾನವಾಗುವುದಿಲ್ಲ. ಅದೇ ಕೆಲಸಕ್ಕೆ ಹೆಚ್ಚು ಆಂಪಿಯರ್ ಎಳೆಯುತ್ತದೆ, ಅದರಿಂದ ವೋಲ್ಟೇಜ್ ಇನ್ನಷ್ಟು ಬೀಳುತ್ತದೆ, ವೈಂಡಿಂಗ್ ಸುಡುತ್ತದೆ. ಓವರ್‌ಲೋಡ್ ರಿಲೇಯನ್ನು ತಪ್ಪಿಸಿ ನೇರ ಕನೆಕ್ಷನ್ ಕೊಟ್ಟು ಓಡಿಸುವ ಅಭ್ಯಾಸ ಸೇರಿದರೆ ಮುಗಿದೇ ಹೋಯಿತು.

ಅರ್ಥಿಂಗ್ ಬಗ್ಗೆ ಒಂದು ಲೆಕ್ಕ ನೀವೇ ಮಾಡಿ ನೋಡಬೇಕು. ಮಣ್ಣಿನ ರೆಸಿಸ್ಟಿವಿಟಿ 100 ಓಮ್-ಮೀಟರ್ ಇರುವಲ್ಲಿ 40 ಮಿ.ಮೀ. ಪೈಪನ್ನು 3 ಮೀಟರ್ ಇಳಿಸಿದರೆ ಸಿಗುವುದು 28–29 ಓಮ್. ಒಂದೋ ಎರಡೋ ಓಮ್ ಸಿಗುತ್ತದೆಂದು ತಿಳಿದವರಿಗೆ ಇದು ಆಘಾತ. ಅದಕ್ಕೇ ಟಿಸಿಗೆ ಒಂದು ಪೈಪ್ ಸಾಲದು. ನ್ಯೂಟ್ರಲ್‌ಗೆ, ಬಾಡಿಗೆ, ಲೈಟ್ನಿಂಗ್ ಅರೆಸ್ಟರ್‌ಗೆ ಬೇರೆ ಬೇರೆ ಗುಂಡಿ. ಗುಂಡಿಗಳು ಹತ್ತಿರ ಹತ್ತಿರ ಇದ್ದರೂ ಪ್ರಯೋಜನವಿಲ್ಲ; ಪೈಪಿನ ಉದ್ದದ ಎರಡರಷ್ಟು ಅಂತರ ಬಿಡಿ. ನಾಲೆ ಬಯಲಿನ ತೇವದ ಮಣ್ಣಿನಲ್ಲಿ ಅಳೆದ ಅಂಕಿಯನ್ನು ಗೊರಚು ಕೆಂಪು ಮಣ್ಣಿನ ದಿಣ್ಣೆಗೆ ಹಾಕಲೇಬೇಡಿ. ನಾಲ್ಕು ಗೂಟದ ವೆನ್ನರ್ ವಿಧಾನದಲ್ಲಿ, ಬೇಸಿಗೆಯಲ್ಲಿ, ಅದೇ ಜಾಗದಲ್ಲಿ ಅಳೆಯಿರಿ.

ಎತ್ತರ, ಜೋಲು, ಕಬ್ಬಿನ ಟ್ರ್ಯಾಕ್ಟರ್

11 ಕೆವಿ ಬರಿ ತಂತಿ ರಸ್ತೆ ದಾಟುವಲ್ಲಿ ನೆಲದಿಂದ 6.1 ಮೀಟರ್, ರಸ್ತೆಯ ಉದ್ದಕ್ಕೆ 5.8, ಬೇರೆಡೆ 4.6 ಮೀಟರ್ ಇರಬೇಕು. ಕಟ್ಟಡದ ಪಕ್ಕಕ್ಕೆ 1.2 ಮೀಟರ್, ಮೇಲಕ್ಕೆ 3.7. ಕಂಬದ ಆರನೇ ಒಂದು ಭಾಗ ನೆಲದಲ್ಲಿ ಹೂಳುವುದು ರೂಢಿ. 8 ಮೀಟರ್ ಕಂಬದಲ್ಲಿ 1.33 ಹೋದರೆ 6.67 ಉಳಿಯಿತು, ಕ್ರಾಸ್ ಆರ್ಮ್ ತುದಿಯಿಂದ ಕೆಳಗಿರುವುದನ್ನೂ ತಂತಿಯ ಜೋಲನ್ನೂ ಕಳೆದರೆ ರಸ್ತೆ ದಾಟಲು 6.1 ಉಳಿಯುವುದು ಕಷ್ಟ. ರಸ್ತೆ ದಾಟುವಲ್ಲಿ 9 ಮೀಟರ್ ಕಂಬವೇ ಇರಲಿ. ಮಂಡ್ಯ ಜಿಲ್ಲೆಯಲ್ಲಿ ಈ ಅಂಕಿಗಳಿಗೆ ಜೀವದ ಬೆಲೆಯಿದೆ: ಕಬ್ಬು ತುಂಬಿದ ಟ್ರ್ಯಾಕ್ಟರ್, ಹುಲ್ಲು ಹೇರಿದ ಲಾರಿ ಎಷ್ಟೆತ್ತರ ಬರುತ್ತವೆಂದು ಸಕ್ಕರೆ ಕಾರ್ಖಾನೆಯ ರಸ್ತೆಯಲ್ಲಿ ನಿಂತು ನೋಡಿ. ರಸ್ತೆಗೆ ಮತ್ತೆ ಮತ್ತೆ ಡಾಂಬರು ಬಿದ್ದು ನೆಲವೇ ಏರಿರುವುದನ್ನೂ ಮರೆಯಬೇಡಿ. ಒಂದಡಿ ಹೆಚ್ಚುವರಿ ಇಟ್ಟರೆ ಖರ್ಚು ಹೆಚ್ಚೇನೂ ಆಗದು.

ತೆಂಗಿನ ಸಾಲಿನ ಪಕ್ಕ ಲೈನ್ ಎಳೆಯುವಾಗ ಕಾಂಡದಿಂದ ಅಳೆಯಬೇಡಿ, ಗರಿಯ ತುದಿಯಿಂದ ಅಳೆಯಿರಿ. ಗರಿ ಬೀಳುವಾಗ ಎರಡು ಫೇಸಿನ ಮೇಲೆ ಅಡ್ಡ ಬೀಳುತ್ತದೆ, ಫೀಡರ್ ಟ್ರಿಪ್ ಆಗುತ್ತದೆ. ಕಬ್ಬಿನ ತರಗು ಸುಡುವ ಹೊಲದ ಮೇಲೆ ಹೈ ಟೆನ್ಷನ್ ಲೈನ್ ಹೋದರೆ ಬೆಂಕಿ ಮತ್ತು ಮಸಿ ತುಂಬಿದ ಗಾಳಿಯ ಮೂಲಕವೇ ತಂತಿಯಿಂದ ಕಿಡಿ ಹಾಯುತ್ತದೆ, ತಂತಿ ಜೋತು ಬೀಳಬೇಕೆಂದೇನಿಲ್ಲ.

ಜೋಲಿನ ಲೆಕ್ಕವನ್ನು ದೊಡ್ಡ ಲೈನಿನಲ್ಲಿ ಮಾಡಿದರೆ ಚೆನ್ನಾಗಿ ತಲೆಗೆ ಹತ್ತುತ್ತದೆ. ಸೂತ್ರ: ಮೀಟರಿನ ತೂಕ × ಸ್ಪ್ಯಾನ್‌ನ ವರ್ಗ ÷ (8 × ಬಿಗಿತ). 220 ಕೆವಿಯ ಝೀಬ್ರಾ ಕಂಡಕ್ಟರ್, 350 ಮೀಟರ್ ಸ್ಪ್ಯಾನ್ (ಎರಡು ಟವರ್ ನಡುವಿನ ದೂರ). ತೂಕ ಮೀಟರಿಗೆ 15.9 ನ್ಯೂಟನ್, ಮುರಿಯುವ ಬಲ 130.3 ಕಿಲೋನ್ಯೂಟನ್, 32 ಡಿಗ್ರಿಯಲ್ಲಿ ಅದರ ಕಾಲು ಭಾಗ 32.6. ಜೋಲು 7.5 ಮೀಟರ್. ತಂತಿ 75 ಡಿಗ್ರಿಗೆ ಕಾದರೆ ಬಿಗಿತ 26.4ಕ್ಕೆ ಇಳಿದು ಜೋಲು 9.2 ಮೀಟರ್ ಆಗುತ್ತದೆ. 43 ಡಿಗ್ರಿಗೆ ಆಳೆತ್ತರ ಇಳಿಯಿತು. 220 ಕೆವಿಗೆ ನೆಲದಿಂದ ಬೇಕಾದದ್ದು 7 ಮೀಟರ್; ಅದಕ್ಕೆ 9.2 ಸೇರಿಸಿ, ಇನ್ಸುಲೇಟರ್ ಸರವೂ ಅದರ ಕೊಂಡಿಗಳೂ ಸೇರಿ 2.35, ಸ್ವಲ್ಪ ಅಂಚು; ಕೆಳಗಿನ ಕ್ರಾಸ್ ಆರ್ಮ್ 18.75 ಮೀಟರ್ ಆಸುಪಾಸು ಬರುತ್ತದೆ. ಟವರಿನ ಎತ್ತರ ಹುಟ್ಟುವುದೇ ಹೀಗೆ, ಕೆಳಗಿನಿಂದ ಮೇಲಕ್ಕೆ.

ತಂತಿ ಎಳೆಯುವ ದಿನದ ಉಷ್ಣಾಂಶಕ್ಕೆ ತಕ್ಕ ಜೋಲಿನ ಪಟ್ಟಿಯನ್ನು ಡ್ರಾಯಿಂಗ್ ಜೊತೆಗೇ ಕೊಡಿ. ಏಪ್ರಿಲ್ ಮಧ್ಯಾಹ್ನ ನೋಡಲು ಚೆಂದ ಎಂದು ಬಿಗಿಯಾಗಿ ಎಳೆದ ತಂತಿ ಡಿಸೆಂಬರ್ ಬೆಳಗಿನ ಜಾವ ಕಂಬವನ್ನೇ ಎಳೆಯುತ್ತದೆ. ಹೊಸ ತಂತಿ ವರ್ಷಗಳಲ್ಲಿ ನಿಧಾನವಾಗಿ ಉದ್ದವಾಗುತ್ತದೆ ಎಂಬುದಕ್ಕೂ ಜಾಗವಿಡಿ.

66ರಿಂದ ಮೇಲೆ

ಇಲ್ಲಿಗೆ ಬಂದ ಮೇಲೆ ನಮ್ಮ ಮಂಡ್ಯ ಜಿಲ್ಲೆಯದೇ ಪಾಠವೊಂದಿದೆ. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ಲೈನ್ ಎಳೆದರು, 30 ಕೆವಿಯಲ್ಲಿ. ಆಗ ಅದು ಪ್ರಪಂಚದ ಅತಿ ಉದ್ದದ ಲೈನುಗಳಲ್ಲಿ ಒಂದು. ಅಷ್ಟೇ ಪವರನ್ನು ಅದೇ ತಂತಿಯಲ್ಲಿ 11 ಕೆವಿಯಲ್ಲಿ ಕಳಿಸಿದ್ದರೆ? ಆಂಪಿಯರ್ 2.7 ಪಟ್ಟು, ಲಾಸ್ 7.4 ಪಟ್ಟು. ಲೈನ್ ಹೊರಬಲ್ಲ ಸಹಜ ಪವರ್ ವೋಲ್ಟೇಜಿನ ವರ್ಗಕ್ಕೆ ಸರಿಯಾಗಿ ಏರುತ್ತದೆ: ವೋಲ್ಟೇಜಿನ ವರ್ಗವನ್ನು ಸರ್ಜ್ ಇಂಪೀಡೆನ್ಸ್‌ನಿಂದ (ಲೈನಿನ ಇಂಡಕ್ಟೆನ್ಸ್, ಕೆಪಾಸಿಟೆನ್ಸ್‌ನಿಂದ ಬರುವ ಓಮ್) ಭಾಗಿಸಿ. 66 ಕೆವಿಗೆ 11 ಮೆಗಾವ್ಯಾಟ್ ಆಸುಪಾಸು, 220ಕ್ಕೆ 130ರ ಹತ್ತಿರ, ಎರಡು ಮೂಸ್ ತಂತಿಯ 400 ಕೆವಿಗೆ 500ಕ್ಕೂ ಮೇಲೆ. ಸಣ್ಣ ಲೈನಾದರೆ ಇದಕ್ಕಿಂತ ಬಹಳ ಹೆಚ್ಚು ಹೊರಿಸಬಹುದು, ಉದ್ದವಾದಂತೆ ಈ ಅಂಕಿಯ ಕಡೆಗೆ ಇಳಿಯಬೇಕು. 400 ಕೆವಿಯಲ್ಲಿ ರಾತ್ರಿ ಲೋಡ್ ಇಳಿದಾಗ ತೊಂದರೆ ತಿರುಗುಮುರುಗು: ಲೈನೇ ಕೆಪಾಸಿಟರಿನಂತೆ ವರ್ತಿಸಿ ತುದಿಯ ವೋಲ್ಟೇಜ್ ಏರುತ್ತದೆ, ಅದನ್ನು ಇಳಿಸಲು ರಿಯಾಕ್ಟರ್ ಎಂಬ ದೊಡ್ಡ ಕಾಯಿಲ್ ಬೇಕಾಗುತ್ತದೆ.

ಇನ್ಸುಲೇಟರ್ ಎಣಿಸುವುದನ್ನು ಹೀಗೆ ಕಲಿಯಿರಿ. ಸಾಮಾನ್ಯ ಡಿಸ್ಕಿನ ಮೇಲ್ಮೈ ಹಾದಿ 292 ಮಿ.ಮೀ. 220 ಕೆವಿಗೆ ರೂಢಿಯ 14 ಡಿಸ್ಕ್ ಹಾಕಿದರೆ 4088 ಮಿ.ಮೀ. ಗರಿಷ್ಠ ವೋಲ್ಟೇಜ್ 245ರಿಂದ ಭಾಗಿಸಿದರೆ ಕೆವಿಗೆ 16.7. ಬಯಲು ಗದ್ದೆಗೆ ಸಾಕು. ಕಾರ್ಖಾನೆ ಹೊಗೆ, ಸಿಮೆಂಟ್ ದೂಳು ಇರುವಲ್ಲಿ ಕೆವಿಗೆ 25 ಬೇಕೆಂದರೆ 6125 ಮಿ.ಮೀ., ಅಂದರೆ 21 ಡಿಸ್ಕ್. ಅಷ್ಟು ಉದ್ದದ ಸರ ತೂಗಾಡಿದರೆ ಟವರಿನ ಮೈಗೆ ಹತ್ತಿರವಾಗುತ್ತದೆ. ಆಗ ಹಾದಿ ಉದ್ದವಿರುವ ಆಂಟಿಫಾಗ್ ಡಿಸ್ಕ್ ಅಥವಾ ಪಾಲಿಮರ್ ಹಾಕುವುದು ಮೇಲು.

ಗಾಳಿಯ ಲೆಕ್ಕದಲ್ಲಿ ಒಂದು ಸಾಮಾನ್ಯ ತಪ್ಪು. ಮೈಸೂರಿನ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್. ಅದು ಮೂರು ಸೆಕೆಂಡಿನ ಬೀಸು. ಐಎಸ್ 802 ಪ್ರಕಾರ ಟವರಿಗೆ ಅದನ್ನು 1.375ರಿಂದ ಭಾಗಿಸಿ 24ಕ್ಕೆ ತಂದು, ಆಮೇಲೆ ಭದ್ರತೆಯ ಮತ್ತು ನೆಲದ ಸ್ವರೂಪದ ಗುಣಕಗಳನ್ನು ಹಾಕಬೇಕು. ನೇರವಾಗಿ 33 ಹಾಕಿ, ಮೇಲೆ ಗಸ್ಟ್ ಗುಣಕವನ್ನೂ ಹಾಕಿದರೆ ಗಾಳಿಯನ್ನು ಎರಡು ಸಲ ಎಣಿಸಿದಂತೆ.

ಪಾಯದ ವಿಷಯದಲ್ಲಿ ವಿಶ್ವೇಶ್ವರಯ್ಯ ನಾಲೆ ಬಯಲು ಒಳ್ಳೆಯ ಗುರು. ನಾಲೆಗೆ ನೀರು ನಿಲ್ಲಿಸಿದ ದಿನಗಳಲ್ಲಿ ಗುಂಡಿ ತೋಡಿ ನೋಡಿದರೆ ಒಣ ಮಣ್ಣು. ಅದೇ ನಂಬಿ ಒಣ ಪಾಯ ಡಿಸೈನ್ ಮಾಡಿದರೆ, ನೀರು ಬಿಟ್ಟ ಮೇಲೆ ಪಾಯ ನೀರೊಳಗೆ. ಘನ ಮೀಟರಿಗೆ 24 ಕಿಲೋನ್ಯೂಟನ್ ಇದ್ದ ಕಾಂಕ್ರೀಟ್ ತೂಕ ನೀರಿನಲ್ಲಿ 14ಕ್ಕೆ ಇಳಿಯುತ್ತದೆ. ಟವರಿನ ಪಾಯ ಸೋಲುವುದು ಹೂತು ಹೋಗಿ ಅಲ್ಲ, ಒಂದು ಕಡೆ ಕಿತ್ತು ಬಂದು. ಅದನ್ನು ಹಿಡಿದಿಡುವುದೇ ಈ ತೂಕ. ಭತ್ತದ ಗದ್ದೆಯಲ್ಲಿ ಬೆಳೆ ಇರುವ ಕಾಲದ ನೀರಿನ ಮಟ್ಟವನ್ನು ಸುತ್ತಲಿನ ರೈತರಿಂದ ಕೇಳಿ ಬರೆದುಕೊಳ್ಳಿ.

ಹಾದಿ ಆರಿಸುವಾಗ ಅಗಲ ಗೊತ್ತಿರಲಿ: 66 ಕೆವಿಗೆ 18 ಮೀಟರ್, 110ಕ್ಕೆ 22, 220ಕ್ಕೆ 35. ಕೋನ ಹೆಚ್ಚಿದಷ್ಟೂ ಟವರ್ ಭಾರ, ಖರ್ಚು ಹೆಚ್ಚು. ಆದರೂ ಕಾಗದದ ಮೇಲೆ ಗೀಟು ಎಳೆದಂತೆ ನೇರ ಹಾದಿ ಹಿಡಿದು ಹತ್ತು ತೆಂಗಿನ ತೋಟ ಸೀಳಿಕೊಂಡು ಹೋಗುವುದಕ್ಕಿಂತ, ಎರಡು ಕೋನ ಟವರ್ ಹೆಚ್ಚು ಹಾಕಿ ತಿರುವಿದರೆ ಕೆಲಸ ಬೇಗ ಮುಗಿಯುತ್ತದೆ.

ಸ್ಟೇಷನ್, ರಿಲೇ

ಕಡಕೊಳ, ತೂಬಿನಕೆರೆಯಂಥ 220 ಕೆವಿ ಸ್ಟೇಷನ್‌ಗಳನ್ನು ಕಾಲೇಜಿನ ಮೂಲಕ ಅನುಮತಿ ಪಡೆದು ನೋಡಿ ಬನ್ನಿ. ನೋಡಿದ್ದನ್ನು ಅದೇ ಸಂಜೆ ಸಿಂಗಲ್ ಲೈನ್‌ನಲ್ಲಿ ಬರೆಯಿರಿ: ಬಸ್, ಐಸೊಲೇಟರ್, ಬ್ರೇಕರ್, ಸಿಟಿ, ಪಿಟಿ (ಕರೆಂಟ್, ವೋಲ್ಟೇಜ್ ಅಳೆಯಲು ಇಡುವ ಟ್ರಾನ್ಸ್‌ಫಾರ್ಮರ್), ಅರೆಸ್ಟರ್, ಯಾವುದಾದ ಮೇಲೆ ಯಾವುದು. ಅನುಕ್ರಮ ತಪ್ಪದೆ ಬಂದರೆ ಅರ್ಧ ಕಲಿತಂತೆ. ಯಾರ್ಡಿನಲ್ಲಿ ಹಾಸಿದ ಜಲ್ಲಿ ಅಲಂಕಾರಕ್ಕಲ್ಲ. ಫಾಲ್ಟ್ ಆದಾಗ ನಿಂತವನ ಎರಡು ಕಾಲಿನ ನಡುವೆ ಏಳುವ ವೋಲ್ಟೇಜಿನಿಂದ ಹರಿಯುವ ಕರೆಂಟನ್ನು ಆ ಪದರ ತಡೆಯುತ್ತದೆ. ಮಣ್ಣು ತುಂಬಿ ಹುಲ್ಲು ಬೆಳೆದ ಜಲ್ಲಿಯಿಂದ ಆ ಕೆಲಸ ಆಗುವುದಿಲ್ಲ. ಯಾರ್ಡಿನಡಿ ಹೂತ ಲೋಹದ ಬಲೆಯ, ಅಂದರೆ ಅರ್ಥ್ ಮ್ಯಾಟ್‌ನ ಓಮ್ ಒಂದಕ್ಕಿಂತ ಕಡಿಮೆ ಬಂತೆಂದು ಪೆನ್ ಕೆಳಗಿಡಬೇಡಿ, ಕಾಲು ಮತ್ತು ಕೈಗೆ ಬರುವ ವೋಲ್ಟೇಜ್ ಬೇರೆಯಾಗಿ ಲೆಕ್ಕ ಹಾಕಿ.

ಈಗ ಮೊದಲಿನ ಫೀಡರಿಗೇ ಹಿಂತಿರುಗಿ ಫಾಲ್ಟ್ ಲೆಕ್ಕ ಮಾಡಿ. 12.5 ಎಂವಿಎ ಟ್ರಾನ್ಸ್‌ಫಾರ್ಮರ್, ಇಂಪೀಡೆನ್ಸ್ ಶೇಕಡಾ 10. 11 ಕೆವಿ ಬಸ್‌ನಲ್ಲಿ 6.56 ಕಿಲೋ ಆಂಪಿಯರ್, 66 ಕೆವಿ ಕಡೆಯ ಇಂಪೀಡೆನ್ಸ್ ಬಿಟ್ಟು. 12 ಕಿ.ಮೀ. ರ‍್ಯಾಬಿಟ್ ತುದಿಯಲ್ಲಿ ಮೂರು ಫೇಸ್ ಫಾಲ್ಟ್ 670, ಎರಡು ಫೇಸ್ ತಾಗಿದರೆ 580 ಆಂಪಿಯರ್ ಮಾತ್ರ. ಇನ್ನೊಂದು ಕಡೆ, ಪಾಳಿ ಬಂದಾಗ ಎಲ್ಲ ಮೋಟಾರೂ ಒಟ್ಟಿಗೆ ಎದ್ದರೆ ಆರು ಪಟ್ಟು ಕರೆಂಟ್, ಕಾಗದದ ಮೇಲೆ 630. ವೋಲ್ಟೇಜ್ ಕುಸಿಯುವುದರಿಂದ ಅಷ್ಟು ಹರಿಯದು, ಆದರೂ ತುದಿಯ ಫಾಲ್ಟೂ ಮೋಟಾರ್ ಏಳುವ ಕರೆಂಟೂ, ಕರೆಂಟ್ ನೋಡಿ ಬ್ರೇಕರ್ ಬಿಡಿಸುವ ರಿಲೇ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಪಿಕ್‌ಅಪ್ (ರಿಲೇ ಎಣಿಕೆ ಶುರು ಮಾಡುವ ಕರೆಂಟ್) 200 ಆಂಪಿಯರ್, ಟೈಮ್ ಮಲ್ಟಿಪ್ಲೈಯರ್ (ಸಮಯದ ಗುಣಕ) 0.1 ಇಟ್ಟರೆ ಸ್ಟ್ಯಾಂಡರ್ಡ್ ಇನ್ವರ್ಸ್ ರಿಲೇ (ಕರೆಂಟ್ ಹೆಚ್ಚಿದಷ್ಟೂ ಬೇಗ ಕೆಲಸ ಮಾಡುವಂಥದು) 580ಕ್ಕೆ 0.65 ಸೆಕೆಂಡಿನಲ್ಲಿ ಟ್ರಿಪ್ ಮಾಡುತ್ತದೆ. ಮೋಟಾರ್ ಏಳಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ಪ್ರತಿ ಪಾಳಿಗೂ ಫೀಡರ್ ಟ್ರಿಪ್ ಆಗುತ್ತದೆ. ಸ್ಟೇಷನ್‌ನವರು ಬೇಸತ್ತು ಸೆಟ್ಟಿಂಗ್ ಏರಿಸುತ್ತಾರೆ, ಆಗ ತುದಿಯ ಫಾಲ್ಟ್ ಕಾಣದೆ ಹೋಗುತ್ತದೆ. ಸರಿಯಾದ ದಾರಿ ಮೂರು: ಸ್ಟಾರ್ಟರುಗಳಲ್ಲಿ ಬೇರೆ ಬೇರೆ ವಿಳಂಬ, ಫೀಡರ್ ನಡುವೆ ತನ್ನದೇ ಸೆಟ್ಟಿಂಗ್ ಇರುವ ರಿಕ್ಲೋಸರ್ (ತಾನೇ ಬಿಟ್ಟು ಮತ್ತೆ ಹಾಕಿಕೊಳ್ಳುವ ಬ್ರೇಕರ್), ಇಲ್ಲವೇ ಫೀಡರನ್ನೇ ಎರಡು ಮಾಡುವುದು.

ತಂತಿ ತುಂಡಾಗಿ ಒಣ ಕೆಂಪು ಮಣ್ಣಿನ ಮೇಲೆ ಬಿದ್ದರೆ ಹರಿಯುವುದು ಕೆಲವೇ ಆಂಪಿಯರ್. ಓವರ್‌ಕರೆಂಟ್ ರಿಲೇಗೆ ಅದು ಗೊತ್ತೇ ಆಗದು. ಅರ್ಥ್ ಫಾಲ್ಟ್ ರಿಲೇ ಕೂಡ ತಪ್ಪಿಸಿಕೊಳ್ಳಬಹುದು. ರಿಲೇ ಇದೆಯೆಂದು ಜಂಪ್, ಬೈಂಡಿಂಗ್ ಕೆಲಸದಲ್ಲಿ ಸಡಿಲ ಬಿಡಬಾರದು ಎನ್ನುವುದು ಇದಕ್ಕೇ. 66 ಮತ್ತು ಮೇಲಿನ ಲೈನುಗಳಲ್ಲಿ ಫಾಲ್ಟ್ ಎಷ್ಟು ದೂರದಲ್ಲಿದೆ ಎಂದು ಅಳೆಯುವ ಡಿಸ್ಟೆನ್ಸ್ ರಿಲೇ ಬರುತ್ತದೆ; ಮೊದಲ ವಲಯ ಲೈನಿನ ಶೇಕಡಾ 80, ಎರಡನೆಯದು 120 ಮತ್ತು ಸ್ವಲ್ಪ ವಿಳಂಬ. ಪೂರ್ತಿ 100 ಯಾಕಿಲ್ಲ ಎಂದರೆ ಸಿಟಿ, ಪಿಟಿ, ಲೈನ್ ಅಂಕಿ ಯಾವುದೂ ನೂರಕ್ಕೆ ನೂರು ಸರಿಯಿರುವುದಿಲ್ಲ.

ಸಾಫ್ಟ್‌ವೇರ್ ಮತ್ತು ಕಾಗದ

ಮೇಲಿನ ಫೀಡರ್ ಕೈಲೆಕ್ಕದಲ್ಲಿ ಮುಗಿದ ಮೇಲೆ ಅದನ್ನೇ ಓಪನ್‌ಡಿಎಸ್‌ಎಸ್ ಅಥವಾ ಪಾಂಡಾಪವರ್‌ನಲ್ಲಿ ಹಾಕಿ, ಎರಡೂ ಉಚಿತ. ಲೋಡನ್ನು ಸಮನಾಗಿ ಹಂಚಿದ್ದರೆ ನಿಮ್ಮ 7.4ರ ಹತ್ತಿರ ಬರಬೇಕು. 3 ಬಂದರೆ ರೆಸಿಸ್ಟೆನ್ಸನ್ನು ಮೈಲಿಗೆ ಕೊಟ್ಟಿದ್ದೀರೋ ಕಿ.ಮೀ.ಗೋ, ಲೈನ್ ವೋಲ್ಟೇಜ್ ಹಾಕಿದ್ದೀರೋ ಫೇಸ್ ವೋಲ್ಟೇಜೋ ನೋಡಿ. ಬೆಂಗಳೂರಿನಲ್ಲೇ ತಯಾರಾದ ಮೈಪವರ್ ಹಲವು ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿದೆ. ಮೈಸೂರಿನ ಎನ್‌ಐಇ, ಜೆಎಸ್‌ಎಸ್ ಅಥವಾ ಮಂಡ್ಯದ ಪಿಇಎಸ್‌ನಲ್ಲಿ ಓದುತ್ತಿದ್ದರೆ ಮೇಷ್ಟ್ರನ್ನು ಕೇಳಿ. ಟವರ್ ಹಾದಿಯ ಪಿಎಲ್‌ಎಸ್-ಕ್ಯಾಡ್ ದುಬಾರಿ, ಕೆಲಸಕ್ಕೆ ಸೇರಿದ ಮೇಲೆ ಕಲಿತರೆ ಸಾಕು.

ಐಎಸ್ ಮಾನಕಗಳು ಬಿಐಎಸ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಮೊದಲು ಐಎಸ್ 5613 ಓದಿ, ಅದರ ಒಂದನೇ ಭಾಗ 11 ಕೆವಿವರೆಗಿನ ಲೈನಿಗೆ; ಆಮೇಲೆ ಅರ್ಥಿಂಗ್‌ಗೆ 3043, ಟಿಸಿಗೆ 1180. ಸುರಕ್ಷತೆಗೆ ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮಾವಳಿ ಈಗಿನದು. ಹಳೆಯ ನೋಟ್ಸಿನಲ್ಲಿರುವ 2010ರದನ್ನು ಉದ್ಧರಿಸಿದರೆ ಫೈಲ್ ವಾಪಸು ಬರುತ್ತದೆ.

ಡಿಸೈನ್ ಫೈಲಿನಲ್ಲಿ ಇಷ್ಟಿರಲಿ: ಸಿಂಗಲ್ ಲೈನ್, ಹಾದಿಯ ನಕ್ಷೆ, ಲೋಡ್ ಪಟ್ಟಿ, ವೋಲ್ಟೇಜ್ ಇಳಿಕೆ, ಫಾಲ್ಟ್ ಲೆಕ್ಕ, ಜೋಲಿನ ಪಟ್ಟಿ, ಅರ್ಥಿಂಗ್, ರಿಲೇ ಸೆಟ್ಟಿಂಗ್, ಸಾಮಾನಿನ ಪಟ್ಟಿ. ಪ್ರತಿ ಅಂಕಿಯ ಎದುರು ಅದು ಅಳೆದದ್ದೋ, ಪಟ್ಟಿಯಿಂದ ತೆಗೆದದ್ದೋ, ಅಂದಾಜೋ ಎಂದು ಒಂದು ಪದ ಬರೆಯಿರಿ. ಸೆಸ್ಕ್ (ಮೈಸೂರು ಕಡೆಯ ವಿದ್ಯುತ್ ಸರಬರಾಜು ನಿಗಮ) ಅಥವಾ ಕೆಪಿಟಿಸಿಎಲ್ (ರಾಜ್ಯದ ವಿದ್ಯುತ್ ಪ್ರಸರಣ ನಿಗಮ) ಒಪ್ಪಿಗೆ ಬಂದು ಕೆಲಸ ಮುಗಿದರೂ ವಿದ್ಯುತ್ ಪರಿವೀಕ್ಷಣಾಲಯದ ಅನುಮತಿಯಿಲ್ಲದೆ ಎಚ್‌ಟಿ ಲೈನಿಗೆ ಕರೆಂಟ್ ಕೊಡುವಂತಿಲ್ಲ. ಪರಿವೀಕ್ಷಕರು ಬಂದ ದಿನ ಮೊದಲು ನೋಡುವುದು ರಸ್ತೆ ದಾಟುವ ಎತ್ತರ ಮತ್ತು ಅರ್ಥ್ ಗುಂಡಿ, ಆ ಎರಡನ್ನು ನೀವೇ ಹಿಂದಿನ ದಿನ ಅಳೆದಿಡಿ.